ಇ-ರೀಡರಿನ ‘ಕಲೆಕ್ಷನ್’ಗೆ ‘ಕಟ್ಟು’ ಬೇಡ, ‘ಪಟ್ಟಿ’ ಸಾಕು

ಮೇಷ್ಟ್ರೇ, ಕಿಂಡಲ್‌ನಂಥ ಇ-ರೀಡರಿನಲ್ಲಿ, ಅಂದರೆ ಪುಸ್ತಕ ಓದುವ ಸಾಧನದಲ್ಲಿ, ಪುಸ್ತಕಗಳನ್ನು ಗುಂಪು ಮಾಡಿಡುವ ‘ಕಲೆಕ್ಷನ್’ಗೆ ಕನ್ನಡದಲ್ಲಿ ಏನನ್ನಬೇಕು ಅಂತ ಕೇಳಿದ್ದೀರಿ. ಶಿಡ್ಲಘಟ್ಟದ ನಿಮ್ಮ ಶಾಲೆಗೆ ಅದರ ಸೂಚನೆಯ ಹಾಳೆ ನಾಳೆಯೇ ಪ್ರಿಂಟಿಗೆ ಹೋಗಬೇಕು ಅಂದಿರಿ. ಹಾಗಾಗಿ ಮೊದಲು ಉತ್ತರ: ‘ಪಟ್ಟಿ’ ಅಂತ ಹಾಕಿ. ‘ಹೊಸ ಪಟ್ಟಿ ಮಾಡು’, ‘ಪಟ್ಟಿಗೆ ಸೇರಿಸು’. ಮಕ್ಕಳ ಬಾಯಿಗೆ ಸಲೀಸು.

ಓಲೆಗರಿಯ ಕಟ್ಟನ್ನು ನೆನೆದು ನಿಮ್ಮ ಪ್ರಶ್ನೆಗೆ ಇಲ್ಲಿ ಉತ್ತರಿಸಿದ ಇಬ್ಬರು ‘ಕಟ್ಟು’ ಅಂದಿದ್ದಾರೆ. ಪದ ಚೆನ್ನಾಗಿದೆ, ಈ ಕೆಲಸಕ್ಕೆ ಬರುವುದಿಲ್ಲ. ನಮ್ಮ ಚಿಂತಾಮಣಿ ಸಂತೆಯಲ್ಲಿ ಅಜ್ಜಿ ಬಾಳೆನಾರು ಸುತ್ತಿ ಸೊಪ್ಪಿನ ಕಟ್ಟು ಮಾಡುತ್ತಾರೆ. ಈ ಕಟ್ಟಿಗೆ ಸೇರಿದ ದಂಟು ಆ ಕಟ್ಟಿನಲ್ಲೂ ಇರೋಕೆ ಆಗಲ್ಲ, ಅಲ್ವಾ? ಕಿಂಡಲ್‌ನಲ್ಲಿ ಹಾಗಲ್ಲ. ಒಂದೇ ಪುಸ್ತಕ ‘ಕಥೆಗಳು’ ಅನ್ನೋದರಲ್ಲೂ ಇರಬಹುದು, ‘ಏಳನೇ ತರಗತಿ’ಯಲ್ಲೂ ಇರಬಹುದು. ಅದಕ್ಕೆ ಜಾಗ ಜಾಸ್ತಿ ಹಿಡಿಯುವುದಿಲ್ಲ. ಕಲೆಕ್ಷನ್ ಅಳಿಸಿದರೂ ಪುಸ್ತಕ ಉಳಿಯುತ್ತದೆ.

ನಮ್ಮ ಅಕ್ಕ ಒಂದು ಹಳೇ ಕಲೆಕ್ಷನ್ ಅಳಿಸೋಕೆ ಹೆದರಿ ಕೂತಿದ್ದಳು. ‘ಒಳಗಿರೋ ಪುಸ್ತಕ ಹೋಗ್ಬಿಟ್ರೆ?’ ಅಂದಳು. ‘ಸಾಮಾನಿನ ಪಟ್ಟಿ ಹರಿದರೆ ಡಬ್ಬದಲ್ಲಿರೋ ಬೇಳೆ ಹೋಗುತ್ತಾ ಅಕ್ಕಾ?’ ಅಂದೆ. ತಕ್ಷಣ ಅಳಿಸಿದಳು. ನನಗೆ ಪದ ಸಿಕ್ಕಿದ್ದೂ ಆಗಲೇ.

‘ಸಂಗ್ರಹ’ ಬೇಡವೇ ಬೇಡ. ಮೊಟಕು ಮಾಡಿದ ಪುಸ್ತಕಕ್ಕೂ ಸಂಗ್ರಹ ಅಂತೀವಿ. ಫೋನಿನಲ್ಲಿ ‘ಸಂಗ್ರಹಣೆ’ ಅಂದರೆ ಜಾಗದ ಲೆಕ್ಕ.

ಇನ್ನು ‘ಪಟ್ಟಿ’ ಸಂಸ್ಕೃತದ್ದು, ಅಚ್ಚಗನ್ನಡ ಅಲ್ಲ ಎಂದು ತಗಾದೆ ತೆಗೆದವರಿಗೆ ಒಂದು ಮಾತು. ಅದೇ ಉತ್ತರದಲ್ಲಿ ನೀವು ಪುಸ್ತಕಕ್ಕೆ ‘ಹೊತ್ತಗೆ’ ಅಂತ ಬರೆದಿದ್ದೀರಿ. ಅದು ‘ಪುಸ್ತಕ’ದ ತದ್ಭವ. ಆ ಹೊತ್ತಗೆ ಇಡುವ ಅಲಮಾರು ಪೋರ್ಚುಗೀಸರಿಂದ ಬಂದ ಪದ. ಎರಡನ್ನೂ ಬಿಟ್ಟುಕೊಡಲು ನಾನು ತಯಾರಿಲ್ಲ. ತೆಲುಗು, ಕನ್ನಡ ಎರಡೂ ಓಡಾಡುವ ಮನೆಯಲ್ಲಿ ಬೆಳೆದವನು ನಾನು. ನಮ್ಮಜ್ಜಿ ಯಾವ ಪದದ ಮೂಲವನ್ನೂ ಕೇಳಲಿಲ್ಲ. ಅವರ ಕನ್ನಡ ನನ್ನದಕ್ಕಿಂತ ಗಟ್ಟಿಯಾಗಿತ್ತು.

ಮೇಷ್ಟ್ರೇ, ನಿಮ್ಮ ಕರಡಿನಲ್ಲಿ ‘ರಿಮೂವ್ ಫ್ರಮ್ ಕಲೆಕ್ಷನ್’ಗೆ ಬರೀ ‘ಪುಸ್ತಕ ತೆಗೆ’ ಅಂತಿದೆ. ಅದನ್ನು ಮಾತ್ರ ಬದಲಿಸಿ. ನಮ್ಮ ಕಡೆ ಬಾಗಿಲು ತೆಗೆ ಅಂದರೆ ಬಾಗಿಲು ತೆರೆ ಅಂತ. ಪುಸ್ತಕ ತೆಗೀರಿ ಅಂತ ನೀವೇ ದಿನಾ ತರಗತಿಯಲ್ಲಿ ಹೇಳ್ತೀರಿ. ಮಕ್ಕಳು ಓದೋಕೆ ಅಂತ ಅದನ್ನೇ ಒತ್ತುತ್ತಾರೆ. ‘ಪಟ್ಟಿಯಿಂದ ಕೈಬಿಡು’ ಅಂತ ಹಾಕಿ.