ಅಪ್‌ಡೇಟ್: ಡೌನ್ ಪೇಮೆಂಟ್ ಸಾಲ ಸಿಕ್ತು, ಮನೆಯೂ ಆಯ್ತು

ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಮೊದಲ ಮನೆ ಕೊಳ್ಳುವವರಿಗೆ ಸಿಟಿಯವರೇ ಕೊಡುವ ಡೌನ್ ಪೇಮೆಂಟ್ ಸಾಲ ತಗೊಳ್ಳಬಹುದಾ ಅಂತ ಹಿಂದೆ ಕೇಳಿದ್ದೆ. ಸಾಲ ಯಾರಿಗೆ ಅಂತ ಲಾಟರಿ ಎತ್ತುತ್ತಾರೆ, ಅದರಲ್ಲಿ ನಮ್ಮ ನಂಬರ್ ಬಂತು! ಬಡ್ಡಿ ಇಲ್ಲ, ತಿಂಗಳ ಕಂತೂ ಇಲ್ಲ, ನಿಜ. ಆದರೆ ಪುಕ್ಕಟೆ ಅಲ್ಲ. ಮನೆ ಬೆಲೆಯಲ್ಲಿ ಶೇ. 20 ಅವರ ಸಾಲ ಅಂದ್ಕೊಳ್ಳಿ, ಮುಂದೆ ಮಾರುವಾಗ ಅಸಲಿನ ಜೊತೆಗೆ ಏರಿದ ಬೆಲೆಯಲ್ಲೂ ಶೇ. 20 ಅವರಿಗೇ ಹೋಗುತ್ತದೆ, ಹೊಲ ಕೋರಿಗೆ ಮಾಡಿದ ಹಾಗೇ ಅಲ್ವಾ? ನನಗೆ ಒಪ್ಪಿಗೆಯಾಯಿತು. ಇಷ್ಟು ದುಡ್ಡು ಕೂಡಿಸುವಷ್ಟರಲ್ಲಿ ತಲೆ ಪೂರ್ತಿ ನರೆತಿರುತ್ತಿತ್ತು.

ಈ ಸಾಲಕ್ಕೆ ಮನೆ ಕೊಳ್ಳುವವರ ತರಗತಿ ಕಡ್ಡಾಯ. ಸುಮ್ನೆ ಕಾಟಾಚಾರ ಅಂದುಕೊಂಡಿದ್ದೆ, ಆದರೆ ಅಲ್ಲಿ ಕಲಿತ ಲೆಕ್ಕದಿಂದಲೇ ಮೇಂಟೆನೆನ್ಸ್ ಜಾಸ್ತಿಯಿದ್ದ ಒಂದು ಕಾಂಡೋ (ನಮ್ಮ ಕಡೆಯ ಫ್ಲ್ಯಾಟ್ ಥರ) ಕೈಬಿಟ್ಟೆವು.

ಭಾನುವಾರ ಹಾಲು ಉಕ್ಕಿಸಿದೆವು. ಹಾಲು ಸ್ಟವ್ ಮೇಲೆ ಚೆಲ್ಲಿ ಹೊಗೆಯೆದ್ದು ಸ್ಮೋಕ್ ಅಲಾರ್ಮ್ ಕೂಗಿಕೊಂಡಿತು, ಮಂಗಳವಾದ್ಯ ಅದೇ.