ಮಧುಮೇಹದ ಸ್ವಯಂ ಆರೈಕೆ ಕಲಿಸಲು ವಾಟ್ಸ್‌ಆ್ಯಪ್ ನೆರವಾದೀತೆ?

ಪ್ರಶ್ನೆ: ಮಧುಮೇಹಿಗಳಿಗೆ ಆರೋಗ್ಯ ಶಿಕ್ಷಣ ನೀಡುವ ನಾನು, ತರಗತಿ ಮುಗಿದ ಕೆಲವೇ ವಾರಗಳಲ್ಲಿ ಅವರು ಕಲಿತದ್ದನ್ನು ಕೈಬಿಡುವುದನ್ನು ಕಂಡು, ವಾಟ್ಸ್‌ಆ್ಯಪ್ ಗುಂಪೊಂದನ್ನು ಆರಂಭಿಸಬೇಕೆಂದಿದ್ದೇನೆ. ಯಾವ ಎಚ್ಚರಿಕೆಗಳು ಅಗತ್ಯ?

ಉತ್ತರ 1: ದಿನಕ್ಕೊಂದು ಕಿರುಸಂದೇಶ ಸಾಕು, ಓದಲು ಕಷ್ಟಪಡುವವರಿಗೆ ಧ್ವನಿ ಸಂದೇಶವೇ ಲೇಸು. ಪಾದಗಳನ್ನು ದಿನವೂ ಪರೀಕ್ಷಿಸುವುದು, ಇನ್ಸುಲಿನ್ ಚುಚ್ಚುವ ಜಾಗವನ್ನು ಬದಲಿಸುತ್ತಿರುವುದು ಮುಂತಾದವನ್ನು ಹೇಳಿ ಸುಮ್ಮನಾಗದೆ, ಮಾಡಿದಿರಾ ಎಂದು ವಿಚಾರಿಸಿ, ಬಂದ ಉತ್ತರಕ್ಕೆ ಸ್ಪಂದಿಸಿದಾಗ ಮಾತ್ರ ಅದು ಶಿಕ್ಷಣವೆನಿಸುತ್ತದೆ ಎಂಬುದು ನನ್ನ ದೃಢ ಅಭಿಪ್ರಾಯ.

ಉತ್ತರ 2: ಸಕ್ಕರೆಯ ಅಳತೆಗಳನ್ನು ಗುಂಪಿನಲ್ಲಿ ಹಾಕಿಸಬೇಡಿ, ಖಾಸಗಿಯಾಗಿ ಪಡೆಯಿರಿ. ರಕ್ತದ ಸಕ್ಕರೆ ಪ್ರತಿ ಡೆಸಿಲೀಟರಿಗೆ 70 ಮಿಲಿಗ್ರಾಂಗಿಂತ ಕೆಳಗಿಳಿದವರು ನಿಮ್ಮ ಸಂದೇಶಕ್ಕಾಗಿ ಕಾಯದೆ, ನುಂಗಲು ಶಕ್ತರಿದ್ದರೆ 15 ಗ್ರಾಂ ಗ್ಲೂಕೋಸ್ ಸೇವಿಸಿ, 15 ನಿಮಿಷಗಳ ನಂತರ ಮತ್ತೆ ಪರೀಕ್ಷಿಸಿಕೊಳ್ಳಬೇಕೆಂದು ಮೊದಲ ದಿನವೇ ತಿಳಿಸಿ.

ಪ್ರಶ್ನೆ ಕೇಳಿದವರು: ಧನ್ಯವಾದಗಳು. ತುರ್ತು ಸೂಚನೆಯನ್ನು ಗುಂಪಿನ ವಿವರಣೆಯಲ್ಲಿಯೇ ಬರೆದಿಡುತ್ತೇನೆ.