ಡಾಂಬರು ಡ್ರೈವ್‌ವೇ ಬಿರುಕು: ಮೇಲೆ ಸೀಲ್‌ಕೋಟ್ ಹೊಡೆಸಿದರೆ ಸಾಕಾ?

ಯಲಹಂಕವಾಸಿ:
ಗೇಟಿನಿಂದ ಪೋರ್ಟಿಕೋವರೆಗೆ ಡಾಂಬರು ಇದೆ. ಈಗ ಬೂದಿ ಬಣ್ಣಕ್ಕೆ ತಿರುಗಿದೆ, ಉದ್ದುದ್ದ ಸೀಳುಗಳಿವೆ. ಗೋಡೆ ಪಕ್ಕ ಒಂದು ಕಡೆ ಮಾತ್ರ ಬಲೆ ಥರ ಬಿರುಕು ಬಿಟ್ಟು, ಚಪ್ಪಲಿ ತಗುಲಿದರೂ ಜಲ್ಲಿ ಏಳುತ್ತದೆ. ಮೇಸ್ತ್ರಿ ‘ಎಮಲ್ಷನ್ ಹೊಡೆದ್ರೆ ಹೊಸದಾಗುತ್ತೆ ಸಾರ್’ ಅಂತಾರೆ (ನೀರಲ್ಲಿ ಬೆರೆಸಿದ ಬಿಟುಮೆನ್). ಮಳೆಗೆ ಮೊದಲೇ ಮಾಡಿಸಿಬಿಡಲಾ?

ಕರಿಜಲ್ಲಿ:
ಬೂದಿ ಬಣ್ಣಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ಬಿಸಿಲು ಗಾಳಿಗೆ ಮೇಲಿನ ಬಿಟುಮೆನ್, ಅಂದರೆ ಜಲ್ಲಿ ಹಿಡಿದಿಡುವ ಕಪ್ಪು ಅಂಟು, ಗಡುಸಾಗಿದೆ, ಅಷ್ಟೇ. ಸೀಲ್‌ಕೋಟ್, ಅಂದರೆ ಮೇಲೆ ಬಳಿಯುವ ತೆಳು ರಕ್ಷಣಾ ಪದರ, ಇರುವುದೇ ಅದಕ್ಕೆ. ಬಲೆ ಬಿರುಕಿನ ಕಥೆ ಬೇರೆ. ಕೆಳಗಿನ ಪದರವೇ ಸಡಿಲವಾಗಿರುತ್ತದೆ. ಮೇಲೆ ಏನು ಬಳಿದರೂ ಕಾರು ಹತ್ತಿದಾಗ ಮತ್ತೆ ಬಿರಿಯುತ್ತದೆ. ಅಲ್ಲಿ ಟ್ಯಾಂಕಿನ ಓವರ್‌ಫ್ಲೋ ನೀರೇನಾದರೂ ಬೀಳುತ್ತಾ?

ಯಲಹಂಕವಾಸಿ:
ಸರಿಯಾಗಿ ಅಲ್ಲೇ ಬೀಳುತ್ತೆ ಸರ್! ಮೋಟಾರ್ ಹಾಕಿದಾಗೆಲ್ಲ ಒದ್ದೆ. ಸ್ಕ್ರೂಡ್ರೈವರ್‌ನಲ್ಲಿ ಕೆದಕಿ ನೋಡಿದೆ. ಒಳಗೆ ಕೆಂಪು ಕೆಸರು, ಸಲೀಸಾಗಿ ಇಳಿದುಹೋಯಿತು.

ಕರಿಜಲ್ಲಿ:
ಹಾಗಾದರೆ ಮೊದಲು ಪೈಪ್ ತಿರುಗಿಸಿ. ಅದು ಆಗದೆ ಡಾಂಬರಿಗೆ ಒಂದು ರೂಪಾಯಿಯನ್ನೂ ಹಾಕಬೇಡಿ. ಆಮೇಲೆ ಗಟ್ಟಿ ಡಾಂಬರು ಸಿಗುವವರೆಗೆ ಚೌಕವಾಗಿ ಕತ್ತರಿಸಿ, ಕೆಸರೆಲ್ಲ ತೆಗೆದು, ವೆಟ್‌ಮಿಕ್ಸ್ (ನೀರು ಬೆರೆಸಿದ ಜಲ್ಲಿ, ಕಲ್ಲುಪುಡಿ) ತುಂಬಿ ಚೆನ್ನಾಗಿ ದಮ್ಮಸ್ಸು ಮಾಡಿಸಿ. ದಪ್ಪಗಿದ್ದರೆ ಒಂದೇ ಸಲ ಬೇಡ, ಪದರ ಪದರವಾಗಿ. ಅಂಚಿಗೆ ತೆಳುವಾಗಿ ಟ್ಯಾಕ್ ಕೋಟ್ (ಹಳೆಯದಕ್ಕೆ ಹೊಸದು ಹಿಡಿಯಲು ಬಳಿಯುವ ಅಂಟು), ಮೇಲೆ ಮೂಟೆಯಲ್ಲಿ ಬರುವ ಕೋಲ್ಡ್ ಮಿಕ್ಸ್, ಅಂದರೆ ಬಿಸಿ ಮಾಡದೆ ಹಾಕುವ ಡಾಂಬರು ಜಲ್ಲಿ. ಚಿಕ್ಕ ಜಾಗಕ್ಕೆ ಅದು ಸಾಕು. ಉದ್ದ ಸೀಳುಗಳಲ್ಲಿ ಹುಲ್ಲು ಮಣ್ಣು ಕೆರೆದು ತೆಗೆದು, ಒಣಗಿದ ಮೇಲೆ ರಬ್ಬರ್ ಬೆರೆತ ಬಿಟುಮೆನ್ ಸೀಲಂಟ್ ತುಂಬಿಸಿ.

ಸೀಲ್‌ಕೋಟ್‌ಗೆ ಈಗ ಆತುರ ಬೇಡ. ಮೇ ತಿಂಗಳ ಸಂಜೆ ಮಳೆ ಗೊತ್ತೇ ಇದೆಯಲ್ವಾ, ಹಸಿ ಎಮಲ್ಷನ್ ಮೋರಿ ಸೇರುತ್ತದೆ. ಸೆಪ್ಟೆಂಬರ್, ಅಕ್ಟೋಬರ್ ಅಂತೂ ನಮ್ಮಲ್ಲಿ ಜಾಸ್ತಿ ಮಳೆ. ಜನವರಿ, ಫೆಬ್ರವರಿ ಒಳ್ಳೆಯದು. ಅಷ್ಟರಲ್ಲಿ ಹೊಸ ತೇಪೆಯೂ ಗಟ್ಟಿಯಾಗಿರುತ್ತದೆ.

ದಾಸರಹಳ್ಳಿ_೭೩:
ಆ ಎಮಲ್ಷನ್ ಯಾವುದು ಅಂತ ಡ್ರಮ್ಮಿನ ಮೇಲೆ ನೋಡಿ. ಆರ್‌ಎಸ್-1 (ಬೇಗ ಗಟ್ಟಿಯಾಗುವ ಬಗೆ) ಇದ್ದರೆ ಅದು ಟ್ಯಾಕ್ ಕೋಟ್‌ಗೆ. ಮೇಲೆ ಸುರಿದರೆ ಚಪ್ಪಲಿಗೆ ಅಂಟಿಕೊಂಡು ಮನೆಯೊಳಗೆ ಬರುತ್ತದೆ, ಆಮೇಲೆ ಮನೆಯವರ ಹತ್ತಿರ ನೀವೇ ಮಾತಾಡಿಕೊಳ್ಳಿ. ಮೇಲೆ ಬಳಿಯುವ ಸ್ಲರಿ ಸೀಲ್‌ಗೆ ಎಸ್‌ಎಸ್-2 (ನಿಧಾನಕ್ಕೆ ಗಟ್ಟಿಯಾಗುವ ಬಗೆ), ಜೊತೆಗೆ ಕಲ್ಲಿನ ಪುಡಿ. ಪುಡಿ ಇಲ್ಲದಿದ್ದರೆ ಇಳಿಜಾರಿನಲ್ಲಿ ಬೈಕು ಜಾರುತ್ತದೆ.

ಇನ್ನೊಂದು: ಕಾರಿನ ಆಯಿಲ್ ಕಲೆ ಇದ್ದರೆ ಸೋಪು ಹಾಕಿ ಉಜ್ಜಿ ತೊಳೆಸಿ. ಆಯಿಲ್, ಪೆಟ್ರೋಲು ಬಿಟುಮೆನನ್ನೇ ಕರಗಿಸುತ್ತವೆ. ಅದರ ಮೇಲೆ ಯಾವ ಸೀಲ್ ಕೂಡ ಹಿಡಿಯಲ್ಲ.

ಯಲಹಂಕವಾಸಿ:
ಮೇಸ್ತ್ರಿ ಡ್ರಮ್ಮಿನ ಫೋಟೋ ಕಳಿಸಿದರು. ಆರ್‌ಎಸ್-1!

ದಾಸರಹಳ್ಳಿ_೭೩:
ತೇಪೆಯ ಅಂಚಿಗೆ ಬೇಕಾದಷ್ಟು ಮಾತ್ರ ತಗೊಳ್ಳಿ, ಉಳಿದದ್ದು ವಾಪಸ್ ಕೊಡಿ.